ಲೆಕ್ಕದ ಪೆಟ್ಟಿಗೆಯ ಬೀಗದ ಕೈ ಯಾರಲ್ಲಿ?

2025ನೇ ಇಸವಿ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿಯು ತನ್ನ ಬೆಂಬಲವನ್ನು ನಿಲ್ಲಿಸಿತು. ಕಾಫಿ ಬೆಲೆಯೋ ಅಡಿಕೆ ಧಾರಣೆಯೋ ಆಗಿದ್ದರೆ ಈ ಸುದ್ದಿ ನಮ್ಮ ಸದಸ್ಯರ ನಡುವೆ ಅರ್ಧ ದಿನದಲ್ಲಿ ಹರಡುತ್ತಿತ್ತು. ಇದು ಕಚೇರಿಯ ಗುಮಾಸ್ತರ ವಿಷಯವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ತೂಕದ ಚೀಟಿ, ಸಾಲದ ಖಾತೆ, ಗೊಬ್ಬರದ ದಾಸ್ತಾನು, ಷೇರು ಪುಸ್ತಕ ಎಲ್ಲವೂ ಈಗ ಕಂಪ್ಯೂಟರಿನ ಹೊಟ್ಟೆಯೊಳಗಿವೆ. ಆದ್ದರಿಂದ ಇದು ಗುಮಾಸ್ತರಿಗಿಂತ ಹೆಚ್ಚಾಗಿ ಸದಸ್ಯರ ವಿಷಯವೆಂದೇ ನಾವು ತಿಳಿಯುತ್ತೇವೆ.

ಬೆಂಬಲ ನಿಂತಿತೆಂದರೆ ಯಂತ್ರವು ಮರುದಿನವೇ ನಿಂತುಹೋಯಿತು ಎಂದಲ್ಲ. ಅದು ಓಡುತ್ತದೆ. ಆದರೆ ಕಳ್ಳರು ನುಗ್ಗುವ ಗಂಡಿ ಕಂಡರೆ ಅದನ್ನು ಮುಚ್ಚಿಕೊಡುವವರಿಲ್ಲ. ಸಂಸ್ಥೆಗಳಿಗೆ ಇನ್ನಷ್ಟು ಕಾಲ ಆ ರಕ್ಷಣೆ ಬೇಕೆಂದರೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ ಅದರ ಇಮ್ಮಡಿ, ಮೂರನೆಯ ವರ್ಷ ಅದರದೂ ಇಮ್ಮಡಿ ಎಂದು ಕಂಪನಿಯು ದರ ಗೊತ್ತುಮಾಡಿತು. ಮೂರು ವರ್ಷಕ್ಕೆ ಕೂಡಿಸಿದರೆ 427 ಡಾಲರ್. ಅಲ್ಲಿಗೆ ಅದೂ ಮುಗಿಯಿತು. ಹೊಸ ವಿಂಡೋಸ್ 11 ಹಾಕಿಸೋಣವೆಂದರೆ ಅದು ಕೇಳುವ ಸುರಕ್ಷತಾ ಚಿಪ್ಪು ಮತ್ತು ಪ್ರೊಸೆಸರು 2017ಕ್ಕೆ ಹಿಂದೆ ಕೊಂಡ ಯಂತ್ರಗಳಲ್ಲಿ ಬಹುಪಾಲಿನಲ್ಲಿ ಇರುವುದಿಲ್ಲ. ಅಂದರೆ ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಲೆಕ್ಕವೂ ತಪ್ಪುತ್ತಿಲ್ಲ. ಆದರೂ ಯಂತ್ರ ಗುಜರಿಗೆ ಎನ್ನುವ ಪರಿಸ್ಥಿತಿ.

ಕಂಪನಿಯು ವ್ಯಾಪಾರಕ್ಕಾಗಿ ಇರುವುದು. ಅದನ್ನು ದೂರಿ ಫಲವಿಲ್ಲ. ನಾವು ಎತ್ತುವ ಪ್ರಶ್ನೆ ಬೇರೆ. ಪಲ್ಪರಿನ ತಗಡು ಸವೆದರೆ ಬೇರೆ ತಗಡು ಹಾಕಿಸುತ್ತೇವೆ. ಔಷಧಿ ಹೊಡೆಯುವ ಪಂಪಿನ ವಾಷರು ಹೋದರೆ ಪೇಟೆಯಲ್ಲಿ ಸಿಗದಿದ್ದರೂ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಹಾಕಿ ಆ ದಿನದ ಕೆಲಸ ಮುಗಿಸುತ್ತೇವೆ. ಕಂಪ್ಯೂಟರಿನ ತಂತ್ರಾಂಶವನ್ನು ಮಾತ್ರ ಬಿಚ್ಚಿ ನೋಡಲು ಅಪ್ಪಣೆಯಿಲ್ಲ. ಅದು ಹೇಗೆ ನಡೆಯುತ್ತದೆಂದು ಮಾರಿದವನಿಗೇ ಗೊತ್ತು, ಅದನ್ನು ಯಾವಾಗ ನಿಲ್ಲಿಸಬೇಕೆಂಬುದೂ ಅವನಿಗೇ ಬಿಟ್ಟದ್ದು. ಇದು ಹೀಗೆಯೇ ಇರಬೇಕೆ?

ಹೀಗಿರಬೇಕಾಗಿಲ್ಲ ಎಂದು ಹೇಳುವ ಒಂದು ದೊಡ್ಡ ಬಳಗವೇ ಲೋಕದಲ್ಲಿದೆ. ಅವರ ವಾದ ನಮ್ಮ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಉದಾಹರಣೆಯಿಂದ ಸುಲಭವಾಗಿ ತಿಳಿದೀತು. ಮಹಾಳಿ ಬಂದ ಅಡಿಕೆ ತೋಟಕ್ಕೆ ಶೇಕಡಾ ಒಂದರ ಬೋರ್ಡೋ ಎಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರ ಸುಮಾರಿಗೆ ಬಳಕೆಗೆ ಬಂದ ಈ ಪಾಕವನ್ನು ಹಳೆಯ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ಪ್ರಚಾರ ಮಾಡಿದರು. ಪಾಕ ಬಹಿರಂಗವಾಗಿದ್ದರಿಂದಲೇ ಅದು ಬೋರ್ಡೋ ಊರಿನಿಂದ ತೀರ್ಥಹಳ್ಳಿ, ಪುತ್ತೂರುಗಳ ತನಕ ಬಂತು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸುವುದನ್ನು ನಮ್ಮವರು ಕಲಿತರು. ಸುಣ್ಣ ಹಳೆಯದಾಗಿದ್ದರೆ ತುಸು ಹೆಚ್ಚು ಹಾಕುವುದು, ಕತ್ತಿಯ ಅಲಗು ಅದ್ದಿ ಕೆಂಪಾಗುತ್ತದೆಯೇ ನೋಡುವುದು, ಇವನ್ನೆಲ್ಲ ಯಾರ ಅಪ್ಪಣೆಯನ್ನೂ ಕೇಳದೆ ನೆರೆಯವರು ನೆರೆಯವರಿಗೆ ಹೇಳಿಕೊಟ್ಟರು. ಮೈಲುತುತ್ತು ಮಾರುವ ಅಂಗಡಿಗಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ ಎಂಬುದನ್ನೂ ಗಮನಿಸಬೇಕು.

ತಂತ್ರಾಂಶಕ್ಕೂ ಇಂಥದೇ ಒಂದು ಪಾಕವಿದೆ. ಅದನ್ನು ಮೂಲಸಂಕೇತ ಎನ್ನುತ್ತಾರೆ. ದೊಡ್ಡ ಕಂಪನಿಗಳು ಅದನ್ನು ಮುಚ್ಚಿಟ್ಟು, ಕುದಿಸಿ ಇಳಿಸಿದ ದ್ರಾವಣವನ್ನಷ್ಟೇ ಮಾರುತ್ತವೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಅವರಿಗೆ ಈ ಕ್ರಮ ಸರಿಕಾಣಲಿಲ್ಲ. ಅವರ ಪ್ರಯೋಗಾಲಯಕ್ಕೆ ಬಂದ ಹೊಸ ಮುದ್ರಣಯಂತ್ರದಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರವಾದರೆ ಸಿಕ್ಕಿಕೊಂಡ ಸುದ್ದಿಯನ್ನು ಎಲ್ಲರಿಗೂ ತಿಳಿಸುವಂತೆ ಅದರ ತಂತ್ರಾಂಶವನ್ನು ಅವರೇ ತಿದ್ದಿಕೊಂಡಿದ್ದರು. ಹೊಸದರ ಮೂಲಸಂಕೇತವನ್ನು ಕೊಡಲು ಅದನ್ನು ಇಟ್ಟುಕೊಂಡಿದ್ದವರು ಒಪ್ಪಲಿಲ್ಲ. 1983ರಲ್ಲಿ ಸ್ಟಾಲ್ಮನ್ ಅವರು ಎಲ್ಲರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳನ್ನು ಬರೆಯುವ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಅನ್ನು ಹೊರತಂದರು. ಇಂದು ಆಂಡ್ರಾಯ್ಡ್ ಫೋನುಗಳ ಒಳಗೆ ನಡೆಯುತ್ತಿರುವುದು ಆ ಲಿನಕ್ಸೇ. ತೋಟದ ಕೆಲಸದ ನಡುವೆ ಜೇಬಿನಿಂದ ಫೋನು ತೆಗೆದು ಧಾರಣೆ ನೋಡುವ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈ ಬಳಗದ ದುಡಿಮೆಯನ್ನು ತಿಳಿಯದೆಯೇ ಬಳಸುತ್ತಿದ್ದಾರೆ.

ಇಲ್ಲಿ ಒಂದು ಮಾತು. ಬಿಟ್ಟಿ ಸಿಗುವುದು ಬೇರೆ, ಸ್ವತಂತ್ರವಾಗಿರುವುದು ಬೇರೆ. ಅನೇಕ ಕಂಪನಿಗಳು ಮೊದಲ ವರ್ಷ ಬಿಟ್ಟಿ ಕೊಟ್ಟು, ಲೆಕ್ಕವೆಲ್ಲ ಒಳಗೆ ಹೋದ ಮೇಲೆ ಬಾಡಿಗೆ ಕೇಳುತ್ತವೆ. ಬಾಡಿಗೆ ಕಟ್ಟದಿದ್ದರೆ ನಮ್ಮ ಲೆಕ್ಕ ನಮಗೇ ಕಾಣದು. ನಾವು ಹೊಗಳುತ್ತಿರುವುದು ಬಿಟ್ಟಿಯನ್ನಲ್ಲ.

ಈ ಸ್ವಾತಂತ್ರ್ಯವು ಕಷ್ಟಕಾಲದಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಲಿಬ್ರೆ ಆಫೀಸಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪತ್ರ ಬರೆಯಲು, ಪಟ್ಟಿ ಮಾಡಲು, ಕೂಡಿ ಕಳೆಯಲು ಉಪಯೋಗಿಸುವ ತಂತ್ರಾಂಶಗಳ ಕಟ್ಟು ಇದು. ಇದರ ಮೂಲ ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಸಣ್ಣ ಕಂಪನಿ. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡು, 2000ದಲ್ಲಿ ಮೂಲಸಂಕೇತವನ್ನು ಲೋಕಕ್ಕೆ ಬಿಟ್ಟಿತು. ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಹತ್ತು ವರ್ಷ ಹಲವಾರು ದೇಶದ ಜನ ಅದಕ್ಕೆ ದುಡಿದರು. 2010ರ ಆರಂಭದಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಎಂಬ ಇನ್ನೂ ದೊಡ್ಡ ಕಂಪನಿ ಕೊಂಡಿತು. ಹೊಸ ಯಜಮಾನರ ಕೈಯಲ್ಲಿ ಕೆಲಸದ ಗತಿ ಏನಾದೀತೋ ಎಂಬ ಸಂಶಯ ದುಡಿಯುವವರಿಗೆ ಬಂತು. ಮುಚ್ಚಿದ ತಂತ್ರಾಂಶವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರಲ್ಲಿ ಬಹುಮಂದಿ ಸೇರಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ತಮ್ಮದೇ ಸಂಸ್ಥೆಯನ್ನು ಸಾರಿ, ಮೂಲಸಂಕೇತದ ಪ್ರತಿಯನ್ನು ಎತ್ತಿಕೊಂಡು ಹೊರನಡೆದರು. 2011ರ ಜನವರಿಯಲ್ಲಿ ಲಿಬ್ರೆ ಆಫೀಸಿನ ಮೊದಲ ಆವೃತ್ತಿ ಬಂತು. ಹಳೆಯ ಹೆಸರು ಮಾತ್ರ ಅವರಿಗೆ ಸಿಗಲಿಲ್ಲ. ಗದ್ದೆಯ ಯಜಮಾನ ಬದಲಾದಾಗ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಬೇರೆ ಕಡೆ ಬಿತ್ತಿದ ಹಾಗಾಯಿತು. ಕೂಲಿಕಾರನಾಗಲಿ ಗುತ್ತಿಗೆದಾರನಾಗಲಿ ಇಂಥ ಹಕ್ಕನ್ನು ಯಾವ ಕಾನೂನಿನಿಂದಲೂ ಪಡೆಯಲಾರ. ಇವರಿಗೆ ಅದು ತಂತ್ರಾಂಶದ ಪರವಾನಗಿ ಪತ್ರದಲ್ಲೇ ಬರೆದಿತ್ತು.

ಇದರಲ್ಲಿ ಉಳಿಸುವ ಕಡತದ ಕಟ್ಟಳೆಯೂ ಬಹಿರಂಗವಾದದ್ದು. ಓ.ಡಿ.ಎಫ್. ಎಂದು ಅದರ ಹೆಸರು; 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಒಪ್ಪಿಗೆ ಪಡೆದಿದೆ. ಲಿಬ್ರೆ ಆಫೀಸೇ ನಾಳೆ ನಿಂತುಹೋದರೂ ಆ ಕಟ್ಟಳೆಯನ್ನು ಓದಿ ಇನ್ನೊಬ್ಬರು ನಮ್ಮ ಕಡತ ತೆರೆಯುವ ಸಾಧನ ಬರೆಯಬಲ್ಲರು. ಐವತ್ತು ವರ್ಷದ ಸಾಲದ ಖಾತೆ, ಜಮೀನಿನ ದಾಖಲೆ ಇಟ್ಟುಕೊಳ್ಳಬೇಕಾದ ಸಂಸ್ಥೆಗೆ ತಂತ್ರಾಂಶದ ಹೆಸರಿಗಿಂತ ಇದೇ ಮುಖ್ಯ.

ಒಬ್ಬನೇ ಕೊಳ್ಳುವವನನ್ನೋ ಒಬ್ಬನೇ ಮಾರುವವನನ್ನೋ ನಂಬಿ ಕೂತರೆ ಏನಾಗುತ್ತದೆಂಬುದನ್ನು ನಮಗೆ ಹೊರಗಿನವರು ಹೇಳಬೇಕಾಗಿಲ್ಲ. 1970ರ ಸುಮಾರಿನ ಅಡಿಕೆ ಧಾರಣೆಯ ಕುಸಿತದಲ್ಲಿ ಖರೀದಿಯನ್ನೇ ನಿಲ್ಲಿಸಿದ ವ್ಯಾಪಾರಿಗಳ ಮುಂದೆ ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದರ ಫಲವಾಗಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕೋಕೋದ ವಿಷಯ ಇನ್ನೂ ಹತ್ತಿರದ್ದು. ಒಂದು ದೊಡ್ಡ ಚಾಕೊಲೇಟ್ ಕಂಪನಿಯ ಉತ್ತೇಜನದಿಂದ ಅಡಿಕೆ ತೋಟದ ನಡುವೆ ಕೋಕೋ ಗಿಡಗಳು ಎದ್ದವು. ಲೋಕದ ಬೆಲೆ ಬಿದ್ದಾಗ ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಹಣ್ಣು ಕೊಳ್ಳುವವರಿಲ್ಲದೆ ಗಿಡ ಕಡಿದವರೂ ಉಂಟು. ಕ್ಯಾಂಪ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆಯನ್ನೇ ಕಟ್ಟಬೇಕಾಯಿತು. ಕೋಕೋ ಕೆಟ್ಟ ಬೆಳೆಯಾಗಿರಲಿಲ್ಲ, ಕಂಪನಿಯೂ ಮೋಸ ಮಾಡಲಿಲ್ಲ. ಇನ್ನೊಂದು ಬಾಗಿಲು ಇಲ್ಲದೆ ಇದ್ದದ್ದೇ ತೊಂದರೆ. ತಂತ್ರಾಂಶದಲ್ಲಿ ಆ ಇನ್ನೊಂದು ಬಾಗಿಲು ಈಗಾಗಲೇ ತೆರೆದಿದೆ. ನಾವು ಕಾರ್ಖಾನೆ ಕಟ್ಟಬೇಕಾಗಿಯೂ ಇಲ್ಲ.

ಕನ್ನಡದ ವಿಷಯಕ್ಕೆ ಬಂದರೆ ನಮ್ಮ ಮಾತು ತುಸು ಕಟುವಾಗುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆಯ ಮೂಲ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಅವರು ಅದಕ್ಕಾಗಿ ರಾಜಧನ ಕೇಳುತ್ತ ಕೂರಲಿಲ್ಲ, ಎಲ್ಲರ ಬಳಕೆಗೆ ಬಿಟ್ಟರು. ಸ್ವತಂತ್ರ ತಂತ್ರಾಂಶದವರ ಮನೋಧರ್ಮ ನಮಗೆ ಪರದೇಶದ್ದೇನೂ ಅಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಪಟ್ಟುಹಿಡಿದು ಮಾತನಾಡುತ್ತಿದ್ದರು. ತೋಟದ ಮನುಷ್ಯನಿಗೆ ಇದೇಕೆ ಎಂದು ಆಗ ನಕ್ಕವರಿದ್ದಾರು.

ನಕ್ಕವರು ಇಂದು ಯಾವುದಾದರೂ ಸಹಕಾರಿ ಸಂಘದ ಇಪ್ಪತ್ತು ವರ್ಷ ಹಿಂದಿನ ಕಡತವನ್ನು ತೆರೆದು ನೋಡಬೇಕು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಸದಸ್ಯರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೆಸರು ಕೊಟ್ಟು ಹುಡುಕುವಂತಿಲ್ಲ, ಅಕಾರಾದಿಯಲ್ಲಿ ಜೋಡಿಸುವಂತಿಲ್ಲ. ಯೂನಿಕೋಡ್ ಎಂಬ ಲೋಕಸಾಮಾನ್ಯ ಸಂಕೇತದಲ್ಲಿ ಬರೆದ ಕನ್ನಡಕ್ಕೆ ಈ ಕಷ್ಟವಿಲ್ಲ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಯುವಕರೇ ಬರೆದು ಮೂಲಸಂಕೇತ ಸಹಿತ ಬಿಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟುಗಳನ್ನೂ ಮಾಡಿದ್ದಾರೆ. ಇನ್ನು, ಕನ್ನಡ ಪತ್ರಿಕೆಗಳ ಪುಟ ಕಟ್ಟಲು ಒಂದು ಕಾಲದಲ್ಲಿ ಮನೆಮಾತಾಗಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಮಾರುತ್ತಿದ್ದವರು ಕೈಬಿಟ್ಟರು. ಆ ಹಳೆಯ ಕಡತಗಳನ್ನು ತೆರೆಯುವ ವ್ಯವಸ್ಥೆಯನ್ನು ಸೇರಿಸಿದವರು ಲಿಬ್ರೆ ಆಫೀಸಿನವರು. ಮಾರಿದವರಿಗೆ ಬೇಡವಾದದ್ದು ಬಳಸುವವರಿಗೆ ಬೇಕಾಗಿತ್ತು, ಅಷ್ಟೆ.

ಇದೆಲ್ಲ ಪಟ್ಟಣದ ವಿದ್ಯಾವಂತರಿಗೆ ಸರಿ, ಹಳ್ಳಿಯಲ್ಲಿ ನಡೆಯದು ಎಂಬ ಮಾತು ಬರುತ್ತದೆ. ಪಕ್ಕದ ಕಾಸರಗೋಡಿನ ಶಾಲೆಗೆ ಹೋಗಿ ನೋಡಬಹುದು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಅಡಿಕೆ ಬೆಳೆಯುವ ಕನ್ನಡಿಗರ ಮಕ್ಕಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕೂತು ಅದರಲ್ಲೇ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಕಚೇರಿ ಸಿಬ್ಬಂದಿಗೆ ಸಾಧ್ಯವಾಗದು ಎಂದರೆ ಅದು ಸಿಬ್ಬಂದಿಯನ್ನು ಹಗುರವಾಗಿ ಕಂಡಂತೆ.

ಹಾಗೆಂದು ಎಲ್ಲವೂ ಸುಗಮ ಎಂದು ಹೇಳಿದರೆ ಸದಸ್ಯರಿಗೆ ದ್ರೋಹ ಬಗೆದಂತೆ. ಜರ್ಮನಿಯ ಮ್ಯೂನಿಕ್ ನಗರಸಭೆಯು 2003ರಲ್ಲಿ ಲಿನಕ್ಸಿಗೆ ಬದಲಾಗಲು ತೀರ್ಮಾನಿಸಿ, ಹತ್ತು ವರ್ಷ ಹೆಣಗಿ ಸುಮಾರು 15,000 ಯಂತ್ರಗಳನ್ನು ಬದಲಿಸಿತು. 2017ರಲ್ಲಿ ಅದೇ ನಗರಸಭೆ ವಿಂಡೋಸಿಗೆ ಹಿಂದಿರುಗಲು ಮತ ನೀಡಿತು. ಬೇರೆ ಕಚೇರಿಗಳಿಂದ ಬಂದ ಕಡತಗಳು ಹೊಂದುತ್ತಿಲ್ಲ ಎಂಬ ಸಿಬ್ಬಂದಿಯ ದೂರು, ನಗರದ ರಾಜಕೀಯ, ಎರಡೂ ಸೇರಿದವು. ಅದೇ ದೇಶದ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ತನ್ನ 30,000 ಕಂಪ್ಯೂಟರುಗಳನ್ನು ಲಿಬ್ರೆ ಆಫೀಸಿಗೆ ಬದಲಿಸುವುದಾಗಿ ಪ್ರಕಟಿಸಿತು. ಒಂದೇ ದೇಶದಲ್ಲಿ ಒಬ್ಬರು ಹಿಂದಕ್ಕೆ, ಇನ್ನೊಬ್ಬರು ಮುಂದಕ್ಕೆ. ಕಲಿಸುವುದಕ್ಕೂ ದುರಸ್ತಿಗೂ ಹಣ, ವೇಳೆ ಎರಡೂ ಬೇಕು. ಅದನ್ನು ತೆಗೆದಿಡದೆ ಇಳಿಯಬಾರದು.

ನಮ್ಮ ಲೆಕ್ಕ ಪರಿಶೋಧಕರು ತಮಗೆ ರೂಢಿಯಾದ ವಾಣಿಜ್ಯ ತಂತ್ರಾಂಶದಲ್ಲೇ ಖಾತೆ ಕೇಳುತ್ತಾರೆ. ಅವರೊಡನೆ ಜಗಳ ಬೇಡ. ಜಮಾಖರ್ಚಿಗೆ ಈಗ ಇರುವುದೇ ಸದ್ಯಕ್ಕೆ ಇರಲಿ. ಮುಂಬಯಿಯಲ್ಲಿ ಹುಟ್ಟಿದ ಇ.ಆರ್.ಪಿ. ನೆಕ್ಸ್ಟ್ ಎಂಬ ಸ್ವತಂತ್ರ ತಂತ್ರಾಂಶ ಖಾತೆ, ದಾಸ್ತಾನು ಎಲ್ಲವನ್ನೂ ನಿಭಾಯಿಸುತ್ತದೆ, ಆದರೆ ಅದನ್ನು ನಡೆಸಲು ತಿಳಿದವರು ಬೇಕು. ಸರ್ಕಾರವೇ ತಂತ್ರಾಂಶ ಕೊಡುತ್ತದಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಕೇಂದ್ರ ಸರ್ಕಾರವು 2022ರ ಜೂನಿನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದ್ದು ನಿಜ. ಅದು ಪತ್ತಿನ ಸಂಘಗಳ ಮಾತು. ಮಾರಾಟ ಸಂಘಗಳ ತೂಕದ ದಾಖಲೆ, ದರ್ಜೆಯ ಪಟ್ಟಿ, ಪತ್ರ ವ್ಯವಹಾರ, ಸಭೆಯ ನಡವಳಿ ನಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಇನ್ನೊಂದು ಅಪಾಯವನ್ನು ಈ ಬಳಗದವರೇ ಒಪ್ಪಿಕೊಂಡಿದ್ದಾರೆ. 2014ರಲ್ಲಿ ಓಪನ್ ಎಸ್.ಎಸ್.ಎಲ್. ಎಂಬ ಸ್ವತಂತ್ರ ತಂತ್ರಾಂಶದಲ್ಲಿ ದೊಡ್ಡ ಬಿರುಕು ಕಂಡಿತು. ಲೋಕದ ಬ್ಯಾಂಕುಗಳೂ ಅಂಗಡಿಗಳೂ ತಮ್ಮ ಗುಟ್ಟಿನ ವ್ಯವಹಾರಕ್ಕೆ ಅದನ್ನೇ ನಂಬಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ತೋಡಿಗೆ ಹಾಕುವ ಕಟ್ಟದ ನೆನಪಾಗುತ್ತದೆ. ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹೊತ್ತು ಕಟ್ಟ ಕಟ್ಟುವಾಗ ಮನೆಗೊಂದು ಆಳು ಬರಬೇಕು. ನಾಲ್ಕು ಮನೆಯವರು ಬಂದು, ಇಪ್ಪತ್ತು ಮನೆಯವರು ನೀರು ತಿರುಗಿಸಿಕೊಂಡರೆ ಕಟ್ಟ ಒಂದು ವರ್ಷ ಹೇಗೋ ನಿಂತೀತು. ಅನಂತರ ಕೊಳವೆಬಾವಿ ತೋಡಿಸಿದವರು ಜಾಣರೆನಿಸಿಕೊಂಡು, ಕಟ್ಟವೇ ನಿಂತುಹೋದ ಊರುಗಳು ನಮ್ಮಲ್ಲಿವೆ. ಸ್ವತಂತ್ರ ತಂತ್ರಾಂಶವನ್ನು ಬಳಸುವ ಸಂಘ ತನ್ನ ಪಾಲಿನ ಆಳನ್ನು ಕಳಿಸಬೇಕು. ನಮ್ಮಲ್ಲಿ ಪ್ರೋಗ್ರಾಂ ಬರೆಯುವವರಿಲ್ಲ, ಸರಿ. ಆದರೆ ಕನ್ನಡದ ಪದ ತಪ್ಪಾಗಿದ್ದರೆ ತಿಳಿಸುವುದು, ಪರವಾನಗಿಗೆ ಕಟ್ಟುತ್ತಿದ್ದ ಹಣದಲ್ಲಿ ಸ್ವಲ್ಪವನ್ನು ದೇಣಿಗೆ ಕೊಡುವುದು, ಇವಕ್ಕೆ ಪ್ರೋಗ್ರಾಂ ಬರೆಯಬೇಕಾಗಿಲ್ಲ. ಉಳಿದ ಹಣದಲ್ಲಿ ಊರಿನ ಒಬ್ಬ ಯುವಕನನ್ನೋ ಯುವತಿಯನ್ನೋ ತರಬೇತಿಗೆ ಕಳಿಸಿದರೆ, ದುಡ್ಡು ಡಾಲರಾಗಿ ಹೊರಗೆ ಹೋಗುವ ಬದಲು ಇಲ್ಲಿಯೇ ಸಂಬಳವಾಗುತ್ತದೆ. ಬೆಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಇಂಥ ಶಿಬಿರಗಳನ್ನು ನಡೆಸುತ್ತ ಬಂದಿರುವ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘಟನೆಯೂ ಇದೆ.

ಆಡಳಿತ ಮಂಡಳಿಯ ಮುಂದೆ ನಾವು ಇಡುವ ಸಲಹೆ ದೊಡ್ಡದಲ್ಲ. ಈ ವರ್ಷ ಗುಜರಿಗೆ ಹಾಕಬೇಕೆಂದಿರುವ ಯಂತ್ರಗಳಲ್ಲಿ ಎರಡನ್ನು ಉಳಿಸಿಕೊಂಡು ಲಿನಕ್ಸ್ ಹಾಕಿಸಿ, ಪತ್ರ ವ್ಯವಹಾರಕ್ಕೂ ಸಭಾ ನಡವಳಿಗೂ ಅವನ್ನೇ ಬಳಸಿ ನೋಡಬೇಕು. ಹೊಸ ಕಡತಗಳೆಲ್ಲ ಯೂನಿಕೋಡ್ ಕನ್ನಡದಲ್ಲೇ ಇರಬೇಕು. ಹಳೆಯ ಷೇರು ಪುಸ್ತಕದ ಹೆಸರುಗಳನ್ನು ಮೊದಲು ತಿರುಗಿಸಬೇಕು. ವಾರಸುದಾರರ ತಕರಾರು ಬರುವುದು ಅಲ್ಲೇ. ಪರಿವರ್ತಕದಿಂದ ಬಂದದ್ದನ್ನು ಒಮ್ಮೆ ಕಣ್ಣಿಟ್ಟು ಓದಲೇಬೇಕು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದುಂಟು. ಮುಂದೆ ಯಾವುದೇ ತಂತ್ರಾಂಶ ಕೊಳ್ಳುವಾಗ, ವ್ಯವಹಾರ ಮುಗಿದ ದಿನ ನಮ್ಮ ಲೆಕ್ಕವಿಡೀ ಬೇರೆ ತಂತ್ರಾಂಶದಲ್ಲಿ ತೆರೆಯಬಹುದಾದ ರೂಪದಲ್ಲಿ ಕೈಗೆ ಕೊಡತಕ್ಕದ್ದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಕೊಳ್ಳುವುದೇ ಬೇಡ.

ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯ ಎತ್ತಲು ಅವಕಾಶ ಕೋರಿದ್ದೇವೆ. ಬೇರೆ ಸಂಘಗಳಲ್ಲಿ ಇದನ್ನು ಮಾಡಿ ನೋಡಿದ ಸದಸ್ಯರಿದ್ದರೆ, ಯಾವ ಮುದ್ರಣಯಂತ್ರ, ಯಾವ ತೂಕದ ಯಂತ್ರ ಲಿನಕ್ಸಿಗೆ ಹೊಂದಿತು, ಯಾವುದು ಹೊಂದಲಿಲ್ಲ ಎಂಬುದನ್ನು ಅದಕ್ಕೆ ಮುಂಚೆ ಕಚೇರಿಗೆ ಬರೆದು ತಿಳಿಸಬೇಕು. ಆ ವಿವರಗಳನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.